ಮೆಕ್ಕೆಜೋಳದ ಹೊಲಗಳಲ್ಲಿ ಸಾರಸಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್‌ನಲ್ಲಿರುವ ಮಗನ ಮನೆಗೆ ನಾನೂ ನಮ್ಮ ಯಜಮಾನರೂ ಸೆಪ್ಟೆಂಬರ್ ಕೊನೆಗೆ ಹೋಗಿ ಡಿಸೆಂಬರ್ ಮೊದಲ ವಾರದವರೆಗೆ ಇರಲಿದ್ದೇವೆ. ಎತ್ತ ನೋಡಿದರೂ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳೇ, ನೋಡುವಂಥದ್ದು ಏನೂ ಇಲ್ಲ ಎಂದು ಮಗ ಹೇಳುತ್ತಾನೆ. ಹೋದ ವರ್ಷ ಅಲ್ಲಿದ್ದು ಬಂದ ನಮ್ಮ ಬೀಗಿತ್ತಿಯವರು ಮಾತ್ರ, ನವೆಂಬರಿನಲ್ಲಿ ಸಾವಿರಾರು ಕೊಕ್ಕರೆಗಳನ್ನು ಕಂಡೆವು ಎನ್ನುತ್ತಾರೆ. ನನಗೆ ಮಂಡಿನೋವು ಇರುವುದರಿಂದ ದೂರ ನಡೆಯಲಾರೆ. ಅವನ್ನು ನೋಡುವುದು ಸಾಧ್ಯವೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಖಂಡಿತ ಸಾಧ್ಯ, ಮತ್ತು ಇದನ್ನು ನೋಡದೆ ಹಿಂದಿರುಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಬೀಗಿತ್ತಿಯವರು ಕಂಡದ್ದು ಕೊಕ್ಕರೆಗಳನ್ನಲ್ಲ, ಸ್ಯಾಂಡ್‌ಹಿಲ್ ಸಾರಸಗಳನ್ನು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೀವು ನೋಡಿರಬಹುದು. ಈ ಸಾರಸಗಳಾದರೋ ಮರದ ಮೇಲೆ ಕೂರುವುದೇ ಇಲ್ಲ, ಮೊಣಕಾಲುದ್ದಕ್ಕಿಂತ ಕಡಿಮೆ ನೀರಿರುವ ಜವುಗಿನಲ್ಲಿ ನಿಂತೇ ರಾತ್ರಿ ಕಳೆಯುತ್ತವೆ. ಬೂದು ಮೈ, ಹಣೆಯ ಮೇಲೆ ಕುಂಕುಮ ಬಳಿದಂತಹ ಕೆಂಪು ಪಟ್ಟಿ, ನಾಲ್ಕು ಅಡಿಯಷ್ಟು ಎತ್ತರ, ಬಿಚ್ಚಿದರೆ ಆರು ಅಡಿ ಅಗಲದ ರೆಕ್ಕೆ. ಹಣೆಯಲ್ಲಿ ಕೆಂಪು ಮೂಡದ, ಮೈಮೇಲೆ ಕಂದು ಛಾಯೆ ಉಳಿದಿರುವ ಹಕ್ಕಿ ಕಂಡರೆ ಅದು ಆ ವರ್ಷದ ಮರಿ; ಅದರ ಎಡಬಲದಲ್ಲಿ ತಾಯಿ ತಂದೆ ಇದ್ದೇ ಇರುತ್ತವೆ, ಏಕೆಂದರೆ ಮೊದಲ ಚಳಿಗಾಲದ ಪ್ರಯಾಣವನ್ನು ಮರಿಗಳು ಹೆತ್ತವರೊಡನೆಯೇ ಮಾಡುತ್ತವೆ.

ನೀವು ಹೋಗಬೇಕಾದದ್ದು ಜಾಸ್ಪರ್-ಪುಲಾಸ್ಕಿ ಎಂಬ ವನ್ಯಜೀವಿ ಪ್ರದೇಶಕ್ಕೆ. ವೆಸ್ಟ್ ಲಫಾಯೆಟ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ವಿಸ್ಕಾನ್ಸಿನ್, ಮಿಷಿಗನ್ ಮುಂತಾದ ಉತ್ತರದ ನಾಡುಗಳಲ್ಲಿ ಮರಿಮಾಡಿದ ಸಾರಸಗಳು ಜಾರ್ಜಿಯಾ, ಫ್ಲಾರಿಡಾಗಳ ಕಡೆಗೆ ಹೋಗುವಾಗ ಇಲ್ಲಿ ತಂಗುತ್ತವೆ. ಸೆಪ್ಟೆಂಬರ್ ಕೊನೆಯಿಂದ ಒಂದೊಂದೇ ಗುಂಪು ಬರತೊಡಗಿ, ನವೆಂಬರ್ ಮಧ್ಯದಿಂದ ಡಿಸೆಂಬರ್ ಆರಂಭದ ಹೊತ್ತಿಗೆ ಅವುಗಳ ಸಂಖ್ಯೆ ಹತ್ತು ಸಾವಿರವನ್ನು ದಾಟುತ್ತದೆ; ನೀವು ಅಲ್ಲಿರುವ ಅವಧಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹಗಲೆಲ್ಲ ಅವು ಸುತ್ತಲಿನ ಹೊಲಗಳಿಗೆ ಚದುರಿಹೋಗಿರುವುದರಿಂದ ಮಧ್ಯಾಹ್ನ ಹೋದವರು ನಿರಾಶರಾಗಿ ಮರಳುತ್ತಾರೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಹೋಗಿ, ‘ಗೂಸ್ ಪ್ಯಾಸ್ಚರ್’ ಎಂಬ ಹುಲ್ಲುಗಾವಲಿನ ಅಂಚಿನಲ್ಲಿರುವ ವೀಕ್ಷಣಾ ಅಟ್ಟಣೆಯ ಬಳಿ ನಿಂತುಕೊಳ್ಳಿ. ಕಾರು ನಿಲ್ಲಿಸುವ ಜಾಗ ಸಮೀಪದಲ್ಲೇ ಇದೆ, ಮಡಚುವ ಕುರ್ಚಿಯೊಂದನ್ನು ಒಯ್ದರೆ ನಿಮ್ಮ ಮಂಡಿಗೆ ತೊಂದರೆಯಾಗದು. ಮೊದಲು ಎಲ್ಲಿಂದಲೋ ಗೊರಗೊರ ಎಂಬ ಕೂಗು ಮಾತ್ರ ಕೇಳಿಸುತ್ತದೆ. ಸಾರಸದ ಶ್ವಾಸನಾಳ ಬಹಳ ಉದ್ದವಾಗಿದ್ದು ಎದೆಮೂಳೆಯೊಳಗೆ ಸುತ್ತಿಕೊಂಡಿರುವ ಕಾರಣ ಆ ಧ್ವನಿ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದು. ಆಮೇಲೆ ದಿಗಂತದ ಎಲ್ಲ ಕಡೆಯಿಂದಲೂ ಸಾಲುಸಾಲಾಗಿ ಬಂದು, ಕಾಲುಗಳನ್ನು ಇಳಿಬಿಟ್ಟು, ಛತ್ರಿ ಹಿಡಿದವರಂತೆ ನಿಧಾನವಾಗಿ ಇಳಿಯುತ್ತವೆ. ಕೆಲವು ಜೋಡಿಗಳು ರೆಕ್ಕೆ ಬಿಚ್ಚಿ ಕುಣಿಯುವುದೂ ಉಂಟು. ಕತ್ತಲಾಗುವ ಹೊತ್ತಿಗೆ ಇಡೀ ಹಿಂಡು ಎದ್ದು ಜವುಗಿನ ಕಡೆಗೆ ಹಾರಿಹೋಗುತ್ತದೆ. ನಾನು ಮೊದಲ ಸಲ ಇದನ್ನು ನೋಡಿದ ಸಂಜೆ, ಕೈಬೆರಳುಗಳು ಮರಗಟ್ಟಿದ್ದು ಹಕ್ಕಿಗಳೆಲ್ಲ ಹೋದ ಮೇಲೆಯೇ ನನ್ನ ಗಮನಕ್ಕೆ ಬಂದದ್ದು. ಆದ್ದರಿಂದ ಕೈಗವಸು, ಕಿವಿ ಮುಚ್ಚುವ ಟೋಪಿ, ಒಂದು ಫ್ಲಾಸ್ಕ್ ಬಿಸಿ ಕಾಫಿ ಮರೆಯಬೇಡಿ.

ಒಂದು ಸಣ್ಣ ಎಚ್ಚರಿಕೆ: ಆ ಪ್ರದೇಶವು ಹರಡಿಕೊಂಡಿರುವ ಜಿಲ್ಲೆಗಳ ಪೈಕಿ ಜಾಸ್ಪರ್‌ನ ಗಡಿಯಾರ ಪುಲಾಸ್ಕಿಯ ಗಡಿಯಾರಕ್ಕಿಂತ ಒಂದು ಗಂಟೆ ಹಿಂದಿದೆ. ಮೊಬೈಲ್ ಫೋನ್ ದಾರಿಯಲ್ಲಿ ತಾನಾಗಿಯೇ ಸಮಯ ಬದಲಿಸಿ ಗೊಂದಲ ಮಾಡೀತು. ಲಫಾಯೆಟ್ ಸಮಯದಂತೆ ನವೆಂಬರ್ ಮಧ್ಯದಲ್ಲಿ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ; ನಾಲ್ಕೂಕಾಲಿಗೆಲ್ಲ ಅಲ್ಲಿರಿ.

ಇನ್ನು ನಿಮ್ಮ ಮಗನ ಮಾತಿಗೆ ಬರೋಣ. ಇಷ್ಟೊಂದು ಹಕ್ಕಿಗಳು ಒಂದೇ ಕಡೆ ಸೇರಲು ಅವರು ಹೇಳುವ ಆ ಹೊಲಗಳೇ ಕಾರಣ, ಸಂತೋಷಕ್ಕೂ ದುಃಖಕ್ಕೂ. ಇಂಡಿಯಾನಾದ ವಾಯವ್ಯ ಭಾಗದಲ್ಲಿ ಹಿಂದೆ ಕಾಂಕಾಕೀ ನದಿಯ ಇಕ್ಕೆಲಗಳಲ್ಲಿ ಸುಮಾರು ಐದು ಲಕ್ಷ ಎಕರೆ ಜವುಗು ಹರಡಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಕಾಲುವೆ ತೋಡಿ ನೀರು ಹರಿಸಿ, ನದಿಯನ್ನೇ ನೇರಗೊಳಿಸಿ, ಅದನ್ನು ಸಾಗುವಳಿ ಭೂಮಿಯಾಗಿ ಮಾಡಿದರು. ಉಳಿದ ಚೂರುಪಾರು ಜವುಗಿನಲ್ಲಿ ಜಾಸ್ಪರ್-ಪುಲಾಸ್ಕಿಯೂ ಒಂದಾದ್ದರಿಂದ ಹಕ್ಕಿಗಳಿಗೆ ಅಲ್ಲಿ ಒತ್ತೊತ್ತಾಗಿ ಸೇರದೆ ಬೇರೆ ದಾರಿಯಿಲ್ಲ. ಅದೇ ವೇಳೆ, ಅಕ್ಟೋಬರಿನಲ್ಲಿ ಕಟಾವು ಯಂತ್ರಗಳು ಹಾದುಹೋದ ಮೇಲೆ ನೆಲದಲ್ಲಿ ಉದುರಿ ಉಳಿಯುವ ಮೆಕ್ಕೆಜೋಳದ ಕಾಳೇ ಅವುಗಳ ಮುಂದಿನ ಪ್ರಯಾಣಕ್ಕೆ ಬುತ್ತಿ. ಮಗನ ಕಾರಿನಲ್ಲಿ ಹೋಗುವಾಗ ಕಟಾವಾದ ಹೊಲಗಳನ್ನು ದಿಟ್ಟಿಸಿ ನೋಡುತ್ತಿರಿ. ಬೂದು ಬಣ್ಣದ ಕಂಬಗಳಂತೆ ಕಾಣುವವು ಅಲುಗಾಡಿದರೆ ಅವೇ ಸಾರಸಗಳು. ಇನ್ನೊಂದು ದಿನ ಬಿಡುವಾದರೆ ಪಶ್ಚಿಮಕ್ಕಿರುವ ಕಾಂಕಾಕೀ ಸ್ಯಾಂಡ್ಸ್‌ಗೂ ಹೋಗಿಬನ್ನಿ. ಹೊಲವಾಗಿದ್ದ ನೆಲವನ್ನು ಮತ್ತೆ ಎತ್ತರದ ಹುಲ್ಲುಗಾವಲಾಗಿಸಿ, 2016ರಲ್ಲಿ ಅಲ್ಲಿಗೆ ಕಾಡೆಮ್ಮೆಯ ಬಳಗದ ಬೈಸನ್‌ಗಳನ್ನು ಮರಳಿ ತಂದಿದ್ದಾರೆ.

ಪ್ರಶ್ನೆ: ವಿಸ್ಕಾನ್ಸಿನ್ನಿನಲ್ಲಿ ನೆಲೆಸಿ ಎರಡು ವರ್ಷವಾಯಿತು. ಎಲೆ ಕೆಂಪಾಗುವ ಕಾಲದಲ್ಲಿ ಮಕ್ಕಳನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗುವ ಆಸೆ. ಬೇಟೆಗಾರರ ಗುಂಡಿನ ಭಯ, ಹುಳುಹುಪ್ಪಟೆಗಳ ಭಯ ಎರಡೂ ಇವೆ.
– ಒಬ್ಬ ತಾಯಿ, ಮ್ಯಾಡಿಸನ್ (ಮೂಲ ಊರು ತೀರ್ಥಹಳ್ಳಿ)

ಉತ್ತರ: ನಿಮ್ಮ ಆಸೆ ಬಲು ಒಳ್ಳೆಯದು, ಬಿಡಬೇಡಿ. ವಿಸ್ಕಾನ್ಸಿನ್ನಿನಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಮುಖ್ಯ ಅವಧಿ ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ ಒಂಬತ್ತು ದಿನ. ಆ ದಿನಗಳಲ್ಲಿ ಬೇಟೆಗೆ ಅವಕಾಶವಿರುವ ಕಾಡುಗಳಿಂದ ದೂರವಿರಿ. ಉಳಿದ ದಿನಗಳಲ್ಲೂ ಬಿಲ್ಲುಬಾಣದ ಬೇಟೆ ನಡೆಯುವುದರಿಂದ ಮಕ್ಕಳಿಗೂ ನಿಮಗೂ ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಇರಲಿ. ಹಾಗೆಯೇ, ಅಲ್ಲಿನ ಕಾಡು ಮತ್ತು ಹುಲ್ಲುಗಾವಲು ಹೆಚ್ಚಾಗಿ ಖಾಸಗಿಯವರದು. ಬೇಲಿ ಇಲ್ಲವೆಂದ ಮಾತ್ರಕ್ಕೆ ಒಳಗೆ ಕಾಲಿಡದೆ ರಾಜ್ಯ ಉದ್ಯಾನಗಳನ್ನೇ ಆರಿಸಿಕೊಳ್ಳಿ.

ತೀರ್ಥಹಳ್ಳಿಯವರಿಗೆ ಉಣುಗಿನ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ. ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದ ನೀವು ಕಾಡಿನಿಂದ ಬಂದ ಕೂಡಲೇ ಮೈ ನೋಡಿಕೊಳ್ಳುವ ಅಭ್ಯಾಸವನ್ನು ಅಲ್ಲಿಯೂ ಮುಂದುವರಿಸಿ. ಅಲ್ಲಿನ ಕಪ್ಪು ಕಾಲಿನ ಉಣುಗು ಲೈಮ್ ಎಂಬ ಬೇರೆಯೇ ರೋಗವನ್ನು ಹರಡುತ್ತದೆ; ಬೇಸಿಗೆ ಮುಗಿದರೂ ಅದು ಸುಮ್ಮನಾಗುವುದಿಲ್ಲ, ಅಕ್ಟೋಬರ್, ನವೆಂಬರ್‌ಗಳಲ್ಲಿ ಬೆಳೆದ ಉಣುಗುಗಳು ಚುರುಕಾಗಿರುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಚ್ಚಿಕೊಂಡಿದ್ದರೆ ಚರ್ಮಕ್ಕೆ ತಾಗಿಸಿ ಚಿಮುಟದಿಂದ ಹಿಡಿದು ನೇರವಾಗಿ ಎಳೆಯಿರಿ, ಮುಂದಿನ ದಿನಗಳಲ್ಲಿ ಕೆಂಪು ಗುರುತು ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ನನಗೆ ಹೆಚ್ಚು ಚಿಂತೆಯಿರುವುದು ಪಾಯ್ಸನ್ ಐವಿ ಬಳ್ಳಿಯ ಬಗ್ಗೆ. ಒಂದೊಂದು ತೊಟ್ಟಿನಲ್ಲಿ ಮೂರು ಎಲೆ ಬಿಡುವ ಇದು ಶರತ್ಕಾಲದಲ್ಲಿ ಎಲ್ಲಕ್ಕಿಂತ ಸೊಗಸಾದ ಕೆಂಪಿಗೆ ತಿರುಗುತ್ತದೆ, ಮಕ್ಕಳ ಕೈ ಮೊದಲು ಹೋಗುವುದೇ ಅದಕ್ಕೆ. ಇದು ನಮ್ಮ ಮಾವು, ಗೇರುಗಳ ಕುಟುಂಬದ್ದು. ಮಾವಿನ ಸೊನೆ, ಹಸಿ ಗೇರುಬೀಜದ ಎಣ್ಣೆ ತಾಗಿ ಚರ್ಮ ಸುಟ್ಟಂತಾಗುವುದನ್ನು ಬಲ್ಲ ನಿಮಗೆ ಇಷ್ಟು ಹೇಳಿದರೆ ಸಾಕು. ಮೇಪಲ್ ಎಲೆಗಳನ್ನು ಮಕ್ಕಳು ಎಷ್ಟು ಬೇಕಾದರೂ ಆರಿಸಲಿ. ಹಳದಿ ಬಣ್ಣ ಎಲೆಯಲ್ಲಿ ಮೊದಲಿಂದಲೂ ಇದ್ದು ಪತ್ರಹರಿತ್ತು ಅಳಿದಾಗ ಹೊರಗೆ ಕಾಣುತ್ತದೆ, ಕೆಂಪನ್ನಾದರೋ ಎಲೆ ತನ್ನ ಕೊನೆಯ ವಾರಗಳಲ್ಲಿ ಹೊಸದಾಗಿ ತಯಾರಿಸುತ್ತದೆ ಎಂಬುದನ್ನು ಅವರಿಗೆ ಹೇಳಿ. ಹಗಲು ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಆ ಕೆಂಪು ಗಾಢವಾಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಬಿದ್ದಿರುವ ಹಕ್ಕಿಯ ಗರಿ, ಹತ್ತಿಯಂತೆ ಹಾರುವ ಬೀಜಗಳನ್ನು ಮೊಮ್ಮಗಳಿಗಾಗಿ ಊರಿಗೆ ತರಬಹುದೇ?
– ಓದುಗರು, ಧಾರವಾಡ

ಉತ್ತರ: ಎರಡನ್ನೂ ತರಬೇಡಿ. ಹೆಂಗಸರ ಟೋಪಿಗಳ ಅಲಂಕಾರಕ್ಕಾಗಿ ಗರಿಯ ವ್ಯಾಪಾರ ಮಿತಿಮೀರಿ ಹಕ್ಕಿಗಳು ಅಳಿಯುತ್ತಿದ್ದ ಕಾಲದ ನೆನಪಿರುವ 1918ರ ಕಾನೂನಿನಂತೆ, ಅಮೆರಿಕದ ಬಹುತೇಕ ಕಾಡುಹಕ್ಕಿಗಳ ಉದುರಿದ ಗರಿಯನ್ನು ಇಟ್ಟುಕೊಳ್ಳುವುದೂ ಅಪರಾಧ. ಬೀಜಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ನೀವು ಹೇಳುವ ಬೀಜ ಬಹುಶಃ ಮಿಲ್ಕ್‌ವೀಡ್‌ನದು, ಅಂದರೆ ನಮ್ಮ ಎಕ್ಕದ ನೆಂಟ. ಅಲ್ಲಿನ ಮೊನಾರ್ಕ್ ಚಿಟ್ಟೆಯ ಹುಳು ತಿನ್ನುವುದು ಆ ಗಿಡದ ಎಲೆಯನ್ನೇ. ಸೆಪ್ಟೆಂಬರಿನಲ್ಲಿ ಆ ಚಿಟ್ಟೆಗಳು ಮೆಕ್ಸಿಕೋದ ಬೆಟ್ಟಗಳ ಕಡೆ ಹೊರಡುತ್ತವೆ. ಒಣಗಿದ ಕಾಯಿ ಬಿರಿದು ನಿಂತಿರುವುದು ಕಂಡರೆ ಅಲ್ಲಿಯೇ ಊದಿ ಹಾರಿಸಿಬಿಡಿ. ಊರಿಗೆ ಬಂದ ಮೇಲೆ ಮೊಮ್ಮಗಳನ್ನು ಹತ್ತಿರದ ಎಕ್ಕದ ಗಿಡದ ಬಳಿ ಕರೆದುಕೊಂಡು ಹೋಗಿ, ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟಿಯ ಹುಳು ಇದೆಯೇ ಎಂದು ಹುಡುಕಿಸಿ. ಅದು ಮೊನಾರ್ಕ್‌ನ ಹತ್ತಿರದ ಸಂಬಂಧಿಯೇ ಆದ ಚಿಟ್ಟೆಯದು.