ತೋಟದಲ್ಲಿ ಕೂತು ಟೈಪ್ ಮಾಡೋಕೆ ಏನು ಕೊಳ್ಳಲಿ?

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಊರು ಸಿರಸಿ ಹತ್ತಿರ. ನಮ್ಮೂರಿನ ಹಳೇ ಸಂಗತಿಗಳನ್ನು ಬರೆದಿಡಬೇಕು ಅಂತ ಆಸೆ. ಮನೆಯೊಳಗೆ ಕೂತರೆ ಟಿ.ವಿ., ನೆಂಟರು, ಮೊಮ್ಮಕ್ಕಳು. ಹಾಗಾಗಿ ತೋಟದ ಕಡೆ ಹೋಗುತ್ತೇನೆ. ಮಗನ ಲ್ಯಾಪ್‌ಟಾಪ್ ಒಯ್ದರೆ ಪರದೆಯಲ್ಲಿ ಅಕ್ಷರ ಕಾಣುವುದಿಲ್ಲ, ನನ್ನ ಮುಖ ಕಾಣುತ್ತದೆ! ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವನು, ಬೆರಳಿಗೆ ಅದೇ ರೂಢಿ. ಖರ್ಚು 15 ಸಾವಿರ ದಾಟಬಾರದು. ಅಮೆರಿಕದಲ್ಲಿರುವ ಅಳಿಯ ಆಲ್ಫಾಸ್ಮಾರ್ಟ್ ಅನ್ನುವ, ಬರೀ ಟೈಪ್ ಮಾಡುವುದಕ್ಕಿರುವ ಹಳೇ ಯಂತ್ರ ತರುತ್ತೇನೆ ಅಂತಿದ್ದಾರೆ. ತರಿಸಲೇ?

ಉತ್ತರ: ಬೇಡ ಮೇಷ್ಟ್ರೇ. ಯಂತ್ರ ಕೆಟ್ಟದ್ದು ಅಂತಲ್ಲ. ಆಲ್ಫಾಸ್ಮಾರ್ಟ್ ನಿಯೋ ಬಂದದ್ದು 2004ರಲ್ಲಿ. ಮೂರು ಪೆನ್ಸಿಲ್ ಸೆಲ್ ಹಾಕಿದರೆ 700 ಗಂಟೆ ಓಡುತ್ತದೆ ಅಂತ ಕಂಪನಿಯವರು ಹೇಳುತ್ತಿದ್ದರು, ಪರದೆಯ ಹಿಂದೆ ಲೈಟೇ ಇಲ್ಲದ್ದರಿಂದ ಕ್ಯಾಲ್ಕುಲೇಟರ್ ಥರ ಬಿಸಿಲು ಜಾಸ್ತಿಯಾದಷ್ಟೂ ಅಕ್ಷರ ಚೆನ್ನಾಗಿ ಕಾಣುತ್ತದೆ. 2013ರಲ್ಲಿ ಮಾರಾಟ ನಿಂತರೂ ಇಂಗ್ಲಿಷಿನಲ್ಲಿ ಬರೆಯುವವರು ಇವತ್ತಿಗೂ ಹುಡುಕಿಕೊಂಡು ಹೋಗಿ ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಾರೆ. ಆದರೆ ಅದಕ್ಕೆ ಕನ್ನಡ ಬರುವುದಿಲ್ಲ. ಅಲ್ಲಿಗೆ ಮುಗಿಯಿತಲ್ವಾ? ಬರೆಯುವುದಕ್ಕೆಂದೇ ಮಾಡಿದ ಫ್ರೀರೈಟ್, ಪೊಮೆರಾಗಳ ಹೆಸರನ್ನೂ ಯಾರಾದರೂ ಹೇಳಬಹುದು. ಅವು ನಿಮ್ಮ ಬಜೆಟ್ಟಿನಲ್ಲಿ ಇಲ್ಲ, ಬಿಡಿ.

ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಫೋನ್ ಇದ್ದೇ ಇರುತ್ತದೆ. ಮನೆಯಲ್ಲಿ ಎಲ್ಲಾದರೂ ಹಳೇ ಕಂಪ್ಯೂಟರಿನ ವೈರಿರುವ ಕೀಬೋರ್ಡ್ ಬಿದ್ದಿದೆಯಾ ನೋಡಿ. ಓಟಿಜಿ ಅಂತ ಒಂದು ಪುಟ್ಟ ಕನೆಕ್ಟರ್ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ, ಇನ್ನೂರು ರೂಪಾಯಿಯೊಳಗೆ. ಅದನ್ನು ಫೋನಿಗೆ ಸಿಕ್ಕಿಸಿ ಕೀಬೋರ್ಡ್ ಜೋಡಿಸಿ. ಕೀಬೋರ್ಡಿಗೆ ಬೇರೆ ಚಾರ್ಜ್ ಬೇಡ, ಫೋನಿನಿಂದಲೇ ಕರೆಂಟು ಎಳೆದುಕೊಳ್ಳುತ್ತದೆ. ಇಲ್ಲೇ ಬಹಳ ಜನ ಎಡವುವುದು: ಪರದೆ ಮೇಲಿನ ಕೀಬೋರ್ಡಿನಲ್ಲಿ ಕನ್ನಡ ಸಲೀಸಾಗಿ ಬರುತ್ತದೆ, ಹೊರಗಿನ ಕೀಬೋರ್ಡ್ ಹಾಕಿದ ಕೂಡಲೇ ಬರೀ ಇಂಗ್ಲಿಷ್ ಬೀಳುತ್ತದೆ. ಅದಕ್ಕೆ ಕೀಮನ್‌ನಂಥ ಉಚಿತ ಆ್ಯಪ್ ಹಾಕಿಕೊಂಡು ಕನ್ನಡದ ವಿನ್ಯಾಸ ಆರಿಸಿಕೊಳ್ಳಬೇಕು. ಒಂದು ಪುಟ ಹೊಡೆದು ನೋಡಿ. ‘ಶಾಸ್ತ್ರಿ’, ‘ಅರ್ಧ’, ‘ಕೃಷ್ಣ’ ಇಂಥ ಪದ ಹೊಡೆಯಿರಿ, ಒತ್ತು, ಅರ್ಕಾವತ್ತು ಸರಿಯಾಗಿ ಕೂರುತ್ತವಾ ಅಂತ ಗೊತ್ತಾಗುತ್ತದೆ. ಕೈಗೆ ಒಗ್ಗಿದರೆ ಒಂದು ಬ್ಲೂಟೂತ್ ಕೀಬೋರ್ಡ್, ಫೋನ್ ನಿಲ್ಲಿಸಲು ಒಂದು ಸ್ಟ್ಯಾಂಡ್, ಅಷ್ಟೇ. ಮಡಚುವ ಕೀಬೋರ್ಡ್ ಮಾತ್ರ ಬೇಡ. ತೊಡೆ ಮೇಲೆ ನಿಲ್ಲುವುದಿಲ್ಲ, ನಡುವೆ ಕೀಲು ಬಂದು ಕೀಲಿಗಳು ದೂರ ದೂರ ಆಗಿರುತ್ತವೆ.

ಇನ್ನು ಪರದೆಯಲ್ಲಿ ಮುಖ ಕಾಣುವ ಕಥೆ. ಪರದೆಯಲ್ಲಿ ಕಾಣುವುದು ನಿಮ್ಮ ಬೆನ್ನ ಹಿಂದಿನ ಆಕಾಶ ಮತ್ತು ನೀವು ತೊಟ್ಟ ಬಿಳಿ ಬನಿಯನ್ನು. ತೋಟದಲ್ಲಿ ನೆರಳಿಗೇನು ಬರ, ಆದರೆ ನೆರಳಿನಲ್ಲಿ ಕೂತರೆ ಸಾಲದು, ಬೆನ್ನ ಹಿಂದೆ ಕಪ್ಪಾದದ್ದು ಏನಾದರೂ ಇರಬೇಕು. ಕೊಟ್ಟಿಗೆ ಗೋಡೆ, ದಟ್ಟ ಮರ, ಏನಾದರೂ ಸರಿ. ಗಾಢ ಬಣ್ಣದ ಅಂಗಿ ಹಾಕಿ, ವ್ಯತ್ಯಾಸ ಆಗಲೇ ತಿಳಿಯುತ್ತದೆ. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಹೊರಗೆ ಕೂತಾಗ ಬೇಡವೇ ಬೇಡ, ಬಿಳಿ ಮೇಲೆ ಕಪ್ಪು ಅಕ್ಷರ ಇಟ್ಟು ಗಾತ್ರ ಹೆಚ್ಚಿಸಿ. ಫೋನಿನಲ್ಲಿ ಬ್ರೈಟ್‌ನೆಸ್ ಆಟೋದಲ್ಲೇ ಇರಲಿ, ಯಾಕೆಂದರೆ ಹಲವು ಫೋನುಗಳು ಬಿಸಿಲು ಕಂಡರೆ ನಾವು ಕೈಯಿಂದ ಏರಿಸಬಹುದಾದ ಮಟ್ಟಕ್ಕಿಂತಲೂ ಜಾಸ್ತಿ ಬೆಳಕು ಕೊಡುತ್ತವೆ, ಆಟೋ ತೆಗೆದರೆ ಅದು ತಪ್ಪಿಹೋಗುತ್ತದೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕುವ ಅಭ್ಯಾಸ ಇದ್ದರೆ ತೆಗೆದು ನೋಡಿ. ಕೆಲವು ಕೋನದಲ್ಲಿ ಪರದೆಯೇ ಕಪ್ಪಾಗುತ್ತದೆ.

ಫೋನಿನ ಪರದೆ ಚಿಕ್ಕದು, ಕಣ್ಣು ಸೋಲುತ್ತದೆ ಅನ್ನಿಸಿದರೆ ಆಗ ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಕಡೆ ಹೋಗೋಣ. ಬೆಂಗಳೂರಿನ ಎಸ್.ಪಿ. ರೋಡಿನ ಕಡೆ ರಿಫರ್ಬಿಶ್ಡ್, ಅಂದರೆ ರಿಪೇರಿ ಮಾಡಿ ಮತ್ತೆ ಮಾರುವಂಥವು ಸಿಗುತ್ತವೆ. ಎಕ್ಸ್240ರಿಂದ ಎಕ್ಸ್270ರವರೆಗಿನ ಮಾಡೆಲ್ ಕೇಳಿ. ಅವುಗಳಲ್ಲಿ ಒಳಗೊಂದು ಬ್ಯಾಟರಿ, ಹಿಂಬದಿಯಲ್ಲಿ ತೆಗೆಯುವಂಥದ್ದೊಂದು. ಹಿಂದಿನದು ಖಾಲಿಯಾದರೆ ಯಂತ್ರ ಆಫ್ ಮಾಡದೆಯೇ ಬೇರೆ ಹಾಕಬಹುದು. ತೋಟದಲ್ಲಿ ಪ್ಲಗ್ ಎಲ್ಲಿ ಹುಡುಕುತ್ತೀರಿ? ಪರದೆ ಹೊಳೆಯದ ಮ್ಯಾಟ್ ಇರಲಿ, ಓರೆಯಿಂದ ನೋಡಿದರೂ ಚೆನ್ನಾಗಿ ಕಾಣುವ ಐಪಿಎಸ್ ಥರದ್ದಿರಲಿ. ಅಂಗಡಿಯವರು ಒಳಗಿನ ಟ್ಯೂಬ್‌ಲೈಟಿನಲ್ಲಿ ತೋರಿಸುತ್ತಾರೆ, ಅಷ್ಟಕ್ಕೇ ಒಪ್ಪಬೇಡಿ, ರಸ್ತೆಗೆ ತಂದು ನೋಡಿ. ಪ್ರೊಸೆಸರ್, ರ್‍ಯಾಮ್ ಅಂತ ಅವರು ಶುರು ಮಾಡಿದರೆ ಮುಗುಳ್ನಕ್ಕು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ. ಇವುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರಿಗೆ ನಿಂತಿದೆ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಿ. ಅದರಲ್ಲಿ ‘ಕಗಪ’ ಅನ್ನುವ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ, ನುಡಿ ರೂಢಿಯಾದ ಬೆರಳಿಗೆ ಹೊಸದಾಗಿ ಕಲಿಯುವುದು ಜಾಸ್ತಿ ಏನಿಲ್ಲ. ಅಳಿಯಂದಿರಿಗೆ ಬೇರೆ ಏನಾದರೂ ತರಲು ಹೇಳಿ.

ಪ್ರಶ್ನೆ: ಕಲಬುರಗಿಯಲ್ಲಿ ಓದುತ್ತಿದ್ದೇನೆ. ಪಾರ್ಕಿನಲ್ಲಿ ಕೂತು ಫೋನಿಗೆ ಕೀಬೋರ್ಡ್ ಹಾಕಿ ನೋಟ್ಸ್ ಟೈಪ್ ಮಾಡ್ತೀನಿ. ಮಧ್ಯಾಹ್ನ ಪರದೆ ತಾನಾಗೇ ಮಂಕಾಗುತ್ತೆ. ಫೋನ್ ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲಮ್ಮ, ಕಾದಿದೆ. ಬಿಸಿ ಮಿತಿ ಮೀರಿದರೆ ಫೋನೇ ಬೆಳಕು ತಗ್ಗಿಸುತ್ತದೆ. ಆ್ಯಪಲ್‌ನವರು ತಮ್ಮ ಐಫೋನ್ ಬಳಸಲು 35 ಡಿಗ್ರಿಯವರೆಗಿನ ವಾತಾವರಣ ಸರಿ ಅನ್ನುತ್ತಾರೆ, ನಿಮ್ಮೂರಿನ ಏಪ್ರಿಲ್ ಅದನ್ನು ಬೆಳಿಗ್ಗೆಯೇ ದಾಟಿಬಿಡುತ್ತದೆ. ದಪ್ಪ ಕವರ್ ತೆಗೆದಿಡಿ, ಪವರ್ ಬ್ಯಾಂಕಿಗೆ ಸಿಕ್ಕಿಸಿಕೊಂಡೇ ಬಳಸಬೇಡಿ, ಚಾರ್ಜ್ ಆಗುವಾಗ ಇನ್ನಷ್ಟು ಕಾಯುತ್ತದೆ. ತಣ್ಣಗಾಗಲಿ ಅಂತ ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ. ಒಳಗೆ ನೀರು ಕೂರುತ್ತದೆ, ಮಾಡಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಲೈಬ್ರರಿ ಇದೆಯಲ್ಲ.

ಪ್ರಶ್ನೆ: ಇ-ಪುಸ್ತಕ ಓದುವ ಕಿಂಡಲ್‌ನ ಪರದೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ. ಅದಕ್ಕೇ ಕೀಬೋರ್ಡ್ ಹಾಕಬಹುದಾ?

ಉತ್ತರ: ಆಗಲ್ಲ. ಅದರ ಬ್ಲೂಟೂತ್ ಇರುವುದು ಆಡಿಯೋ ಕೇಳುವುದಕ್ಕೆ. ಅದೇ ಥರದ ಪರದೆಯಲ್ಲಿ ಆ್ಯಂಡ್ರಾಯ್ಡ್ ಓಡುವ ಬೂಕ್ಸ್ ಟ್ಯಾಬ್‌ಗಳಿವೆ, ಅವಕ್ಕೆ ಕೀಬೋರ್ಡ್ ಜೋಡಿಸಬಹುದು. ಬೆಲೆ ಜಾಸ್ತಿ, ಮತ್ತೆ ನೀವು ಹೊಡೆದ ಅಕ್ಷರ ಪರದೆಗೆ ಬರುವುದು ಒಂದು ಚೂರು ತಡ. ವೇಗವಾಗಿ ಟೈಪ್ ಮಾಡುವವರಿಗೆ ಕಿರಿಕಿರಿ ಆಗುತ್ತದೆ, ನಿಧಾನಸ್ಥರಿಗೆ ಪರವಾಗಿಲ್ಲ.