ಪುಟ್ಟ ಮಕ್ಕಳ ಸಿಟ್ಟು, ಅಳು, ದಿಗಿಲು: ಚಿತ್ರಪುಸ್ತಕದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೂರೂವರೆ ವರ್ಷದ ಮಗನಿಗೆ ತಂಗಿ ಹುಟ್ಟಿದ ಮೇಲೆ ಸಿಟ್ಟು ಜಾಸ್ತಿಯಾಗಿದೆ, ಪಾಪುವಿಗೆ ಹೊಡೆಯುತ್ತಾನೆ. ಪುಟಕ್ಕೊಂದು ಮುಖವಿರುವ ಪುಸ್ತಕ ತಂದುಕೊಟ್ಟೆವು. ‘ಇದು ಕೋಪ, ಇದು ಖುಷಿ’ ಎಂದು ಎಲ್ಲವನ್ನೂ ಸರಿಯಾಗಿ ಹೇಳುತ್ತಾನೆ. ಹೊಡೆಯುವುದು ಮಾತ್ರ ನಿಂತಿಲ್ಲ. ಬೇರೆ ಪುಸ್ತಕ ತರಬೇಕೆ?
– ಒಬ್ಬ ತಾಯಿ, ಶಿರಾ

ಉತ್ತರ: ತನ್ನಿ, ಆದರೆ ಮುಖಗಳ ಪುಸ್ತಕ ಇನ್ನೊಂದು ಬೇಡ. ಅದು ಹಣ್ಣು ತರಕಾರಿಯ ಚಾರ್ಟ್ ಇದ್ದ ಹಾಗೆ, ಹೆಸರು ಕಲಿಸುತ್ತದೆ ಅಷ್ಟೆ. ಸಿಟ್ಟು ಯಾಕೆ ಬಂತು, ಬಂದಾಗ ಮೈಯಲ್ಲಿ ಏನಾಯಿತು, ಆಮೇಲೆ ಹೇಗೆ ಇಳಿಯಿತು ಎಂಬುದಕ್ಕೆ ಕಥೆಯೇ ಬೇಕು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪೂರ್ತಿ ಓದಿ ನೋಡಿ, ಐದು ನಿಮಿಷದ ಕೆಲಸ. ಒಂದು ಪುಟದಲ್ಲಿ ಬಂದ ಸಿಟ್ಟು ಮುಂದಿನ ಪುಟದಲ್ಲೇ ಮಾಯವಾದರೆ ಪ್ರಯೋಜನವಿಲ್ಲ, ಮೂರು ನಾಲ್ಕು ಪುಟವಾದರೂ ಉಳಿದಿರಬೇಕು. ಚಿತ್ರದಲ್ಲಿ ಬಾಯಿ, ಹುಬ್ಬಷ್ಟೇ ಅಲ್ಲದೆ ಬಿಗಿದ ಮುಷ್ಟಿ, ಏರಿದ ಭುಜ, ಗೋಡೆಯ ಕಡೆ ತಿರುಗಿ ಕೂತ ಬೆನ್ನು ಕಾಣಬೇಕು. ಕೊನೆಗೆ ದೊಡ್ಡವರು ಬಂದು ‘ಜಾಣ ಮಕ್ಕಳು ಸಿಟ್ಟು ಮಾಡ್ಕೊಳ್ಳಲ್ಲ’ ಎಂದು ಬುದ್ಧಿ ಹೇಳುವ ಪುಸ್ತಕವಾದರೆ ಅಲ್ಲೇ ಇಟ್ಟು ಬನ್ನಿ. ಇಂಥವು ನಮ್ಮಲ್ಲಿ ಬೇಕಾದಷ್ಟಿವೆ. ಚಿತ್ರ ಎಷ್ಟೇ ಚೆಂದವಿದ್ದರೂ ಈ ಕೆಲಸಕ್ಕೆ ಬಾರವು.

ಮೊದಲ ದಿನ ಏನೂ ಕೇಳದೆ ಕಥೆಯಷ್ಟೇ ಓದಿ. ಎರಡನೆಯ ದಿನ ಒಂದೇ ಒಂದು ಪುಟದಲ್ಲಿ ನಿಲ್ಲಿ. ‘ಇವನಿಗೆ ಏನನ್ನಿಸ್ತಿದೆ?’ ಎಂದರೆ ಮಗು ಕಲಿತ ಉತ್ತರ ಒಪ್ಪಿಸುತ್ತದೆ. ‘ಇವನ ಕೈ ನೋಡು, ಯಾಕೆ ಹಂಗೆ ಮಾಡ್ಕೊಂಡಿದಾನೆ?’ ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಸುಮ್ಮನಿರಿ. ಬಹಳಷ್ಟು ಜನ ತಪ್ಪುವುದು ಇಲ್ಲೇ, ಎರಡು ಸೆಕೆಂಡಿಗೆ ಉತ್ತರ ತಾವೇ ಹೇಳಿಬಿಡುತ್ತಾರೆ. ‘ನೀನೂ ಪಾಪುಗೆ ಹಿಂಗೇ ಹೊಡೀತೀಯಲ್ಲ’ ಎಂದು ಮಾತ್ರ ಸೇರಿಸಬೇಡಿ. ಓದುವುದೇ ಶಿಕ್ಷೆಯಾಗಿ, ನಾಳೆ ಅವನು ಪುಸ್ತಕ ಮುಟ್ಟುವುದಿಲ್ಲ. ಅವನಾಗಿಯೇ ‘ನಂಗೂ’ ಎಂದ ದಿನ ಮಾತು ಮುಂದುವರಿಸಿ.

ರಂಪ ನಡೆಯುತ್ತಿರುವಾಗ ಪುಸ್ತಕ ತೆಗೆಯಬೇಡಿ, ಆಗ ಏನೂ ಕಿವಿಗೆ ಬೀಳದು. ಹೊಡೆಯಲು ಎತ್ತಿದ ಕೈಯನ್ನು ಮೆತ್ತಗೆ ಹಿಡಿದು ‘ಸಿಟ್ಟು ಬಂದಿದೆ ಅಲ್ವಾ, ಆದ್ರೆ ಹೊಡೆಯೋಕೆ ಬಿಡಲ್ಲ’ ಎನ್ನಿ. ಪುಸ್ತಕ ಆ ಕೈ ಹಿಡಿಯಲಾರದು. ಅವನು ಸಮಾಧಾನವಾಗಿರುವ ಹೊತ್ತಿಗೆ, ಪಾಪು ಮಲಗಿದ ಮೇಲೆ, ಓದಿ.

ಪ್ರಶ್ನೆ: ಕೇಂದ್ರದಲ್ಲಿ ಹದಿನೆಂಟು ಮಕ್ಕಳು, ಹೆಚ್ಚಿನವರ ಮನೆಮಾತು ತೆಲುಗು. ಅಮ್ಮ ಬಿಟ್ಟುಹೋದ ಕೂಡಲೇ ಹೊಸ ಮಕ್ಕಳು ಅಳಲು ಶುರುಮಾಡುತ್ತಾರೆ. ಪುಸ್ತಕಕ್ಕೆ ದುಡ್ಡಿಲ್ಲ. ಏನು ಓದಲಿ?
– ಅಂಗನವಾಡಿ ಕಾರ್ಯಕರ್ತೆ, ಗುಡಿಬಂಡೆ ತಾಲ್ಲೂಕು

ಉತ್ತರ: ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ, ತೆಲುಗು ಎರಡರಲ್ಲೂ ಚಿತ್ರಪುಸ್ತಕಗಳು ಉಚಿತ, ಇಳಿಸಿಕೊಂಡು ಮುದ್ರಿಸಬಹುದು. 250 ಪದಗಳೊಳಗಿನ ಒಂದನೇ ಹಂತದವನ್ನು ಆರಿಸಿ. ಕಪ್ಪು ಬಿಳುಪಿನಲ್ಲಿ ತೆಗೆಸುವುದಾದರೆ ಗೆರೆಚಿತ್ರದ ಪುಸ್ತಕವೇ ಇರಲಿ. ಬಣ್ಣ ತುಂಬಿದ ಚಿತ್ರ ಜೆರಾಕ್ಸಿನಲ್ಲಿ ಬೂದಾಗಿ, ಮುಖಭಾವವೇ ಕಾಣುವುದಿಲ್ಲ. ಪಂಚಾಯಿತಿ ಗ್ರಂಥಾಲಯವನ್ನೂ ಮರೆಯಬೇಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಉಚಿತ ಸದಸ್ಯತ್ವ 6ರಿಂದ 18 ವರ್ಷದವರಿಗೆ. ನಿಮ್ಮ ಮಕ್ಕಳು ಅದಕ್ಕಿಂತ ಚಿಕ್ಕವರು, ಆದ್ದರಿಂದ ಅಕ್ಕ ಅಣ್ಣಂದಿರ ಮೂಲಕ ತರಿಸಿಕೊಳ್ಳಿ.

ಆದರೆ ನಿಮ್ಮ ತೊಂದರೆಗೆ ನೀವೇ ಮಾಡಿದ ಪುಸ್ತಕ ಇವೆಲ್ಲಕ್ಕಿಂತ ಮೇಲು, ಅದರಲ್ಲಿ ನಿಮ್ಮದೇ ಕೇಂದ್ರದ ಬಾಗಿಲಿರುತ್ತದೆ. ಎರಡು ಎ4 ಹಾಳೆಗಳನ್ನು ಒಟ್ಟಿಗಿಟ್ಟು ಮಧ್ಯಕ್ಕೆ ಮಡಿಸಿದರೆ ಎಂಟು ಪುಟ. ಮೊದಲನೆಯದು ಮುಖಪುಟ. ಎರಡರಲ್ಲಿ ಅಮ್ಮ ಜಡೆ ಹಾಕುತ್ತಾಳೆ, ಮೂರರಲ್ಲಿ ಬಾಗಿಲ ಹತ್ತಿರ ಕೈ ಬಿಡುತ್ತಾಳೆ. ನಾಲ್ಕು, ಐದು ಸೇರಿ ನಡುವಿನ ಅಗಲ ಜಾಗ. ಅಲ್ಲಿ ಅಳುವ ಮಗು ಮಾತ್ರ, ದೊಡ್ಡದಾಗಿ, ಒಂದೇ ಸಾಲಿನೊಂದಿಗೆ. ಆರರಲ್ಲಿ ಟೀಚರ್ ಪಕ್ಕ ಕೂರುತ್ತಾರೆ, ಏಳರಲ್ಲಿ ಊಟ, ಎಂಟರಲ್ಲಿ ಅಮ್ಮ ವಾಪಸ್. ಗಡಿಯಾರ ತಿಳಿಯದ ಮಗುವಿಗೆ ‘ಊಟ ಆದ್ಮೇಲೆ ಅಮ್ಮ’ ಎಂಬ ಲೆಕ್ಕ ಸಿಗುತ್ತದೆ. ‘ಅಳಬೇಡ’ ಎಂದು ಎಲ್ಲೂ ಬರೆಯಬೇಡಿ. ಮಾಮೂಲಿ ಸ್ಟೇಪ್ಲರ್ ನಡುವಿನ ಮಡಿಕೆಯವರೆಗೆ ಮುಟ್ಟುವುದಿಲ್ಲ, ಪಿನ್ನು ಬೆರಳಿಗೂ ಚುಚ್ಚುತ್ತದೆ. ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಿಂದ ಹೊಲಿಯಿರಿ.

ಹದಿನೆಂಟು ಜನರಿಗೆ ಒಟ್ಟಿಗೆ ಓದಿದರೆ ಹಿಂದಿನವರಿಗೆ ಕಾಣದು, ತಳ್ಳಾಟ ಶುರುವಾಗುತ್ತದೆ. ಆರಾರು ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸಿ, ಪುಸ್ತಕದ ಕೆಳ ಅಂಚನ್ನು ನಡುವಿನಲ್ಲಿ ಹಿಡಿದು ಅವರ ಕಣ್ಣಿನ ಎತ್ತರಕ್ಕೆ ತನ್ನಿ. ಕನ್ನಡದಲ್ಲೇ ಓದಿ, ಮಾತುಕತೆ ಮಾತ್ರ ತೆಲುಗಿನಲ್ಲಾಗಲಿ. ಅಳು ಬಂದ ಮಗುವಿಗೆ ‘ಕನ್ನಡದಲ್ಲಿ ಹೇಳು’ ಎಂದು ತಿದ್ದಿದರೆ ಬಾಯಿ ಕಟ್ಟುತ್ತದೆ.

ಪ್ರಶ್ನೆ: ಒಂದೂವರೆ ವರ್ಷದ ಮಗುವಿಗೆ ಇಂಥ ಪುಸ್ತಕ ಬೇಗವಾಯಿತೇ?
– ತಿಪಟೂರು

ಉತ್ತರ: ಕಥೆ ಬೇಗವಾಯಿತು, ಪುಸ್ತಕವಲ್ಲ. ರಟ್ಟಿನ ಪುಟ, ಗುಂಡಗಿನ ಮೂಲೆ, ಪುಟಕ್ಕೊಂದು ಮುಖದ ಫೋಟೊ ಸಾಕು. ಬಾಯಿಗೆ ಹಾಕಿಕೊಳ್ಳುತ್ತದೆ, ಹಾಕಿಕೊಳ್ಳಲಿ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗಳು ಕತ್ತಲಿಗೆ ಹೆದರುವ ಹುಡುಗಿಯ ಕಥೆಯನ್ನೇ ದಿನಾ ರಾತ್ರಿ ಓದಿಸುತ್ತಾಳೆ. ಒಂದು ಪುಟ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಪುಸ್ತಕ ಬಚ್ಚಿಡಲೇ?
– ಒಬ್ಬ ತಾತ, ಮುಳಬಾಗಿಲು

ಉತ್ತರ: ಬೇಡ. ಮುಂದೇನಾಗುತ್ತದೆಂದು ಗೊತ್ತಿರುವುದರಿಂದಲೇ ಅವಳು ಅದೇ ಕಥೆ ಕೇಳುತ್ತಾಳೆ. ಹೆದರಿಕೆ ಬಂದು ಹೋಗುವುದನ್ನು ನಿಮ್ಮ ತೊಡೆಯ ಮೇಲೆ ಕೂತು ನೋಡುತ್ತಿದ್ದಾಳೆ. ಆ ಪುಟವನ್ನು ಹಾರಿಸಬೇಡಿ, ತಿರುಗಿಸುವ ಕೆಲಸ ಅವಳಿಗೇ ಕೊಡಿ. ಬೇಗ ತಿರುಗಿಸಿದರೆ ತಿರುಗಿಸಲಿ. ‘ಇದಕ್ಕೆಲ್ಲಾ ಹೆದರ್ತಾರಾ’ ಎಂದು ನಗಬೇಡಿ. ಓದಿದ ಮೇಲೆ ನಿದ್ದೆ ಬರುತ್ತಿಲ್ಲವೆಂದರೆ ಸಮಯವನ್ನು ಸಂಜೆಗೆ ಬದಲಿಸಿ, ಮಲಗುವಾಗ ಬೇರೆ ಕಥೆ ಹೇಳಿ. ಹಗಲಲ್ಲೂ ಒಬ್ಬಳೇ ಇರಲಾರಳು, ಊಟ ನಿದ್ದೆ ಎರಡೂ ಕೆಟ್ಟು ವಾರಗಟ್ಟಲೆ ಹಾಗೆಯೇ ಇದೆ ಎಂದಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.