ಓದುಗರ ಪ್ರಶ್ನೆ: ದಾವಣಗೆರೆಯಲ್ಲಿದ್ದು ಕಡಲನ್ನು ಓದುವುದು

ಪ್ರಶ್ನೆ: ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಉಪಗ್ರಹದ ಮೂಲಕ ಸಾಗರ ಸಂಶೋಧನೆ ಮಾಡುವ ಆಸೆ. ಇಲ್ಲಿದ್ದುಕೊಂಡೇ ಏನು ಕಲಿಯಬಹುದು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಕಾದಷ್ಟು ಕಲಿಯಬಹುದು. ಉಪಗ್ರಹ ನೋಡುವುದು ನೀರಿನ ಬಣ್ಣವನ್ನು; ಅದರಿಂದ ಕ್ಲೋರೋಫಿಲ್ (ನೀರಿನ ಸೂಕ್ಷ್ಮ ಸಸ್ಯಗಳ ಹಸಿರು ವರ್ಣಕ) ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ನಾಸಾದ ಆಕ್ವಾ ಉಪಗ್ರಹದಲ್ಲಿರುವ ಮೋಡಿಸ್ ಉಪಕರಣದ ದತ್ತಾಂಶ 2002ರಿಂದಲೂ ಇದೆ, ಉಚಿತ. ಅದನ್ನು ತೆರೆಯುವ ಸೀಡ್ಯಾಸ್ ತಂತ್ರಾಂಶವೂ ಉಚಿತ. ಆದರೆ ಬಣ್ಣಬಣ್ಣದ ಮಾಸಿಕ ನಕ್ಷೆಗೆ ಮೊದಲೇ ಕೈಹಾಕಬೇಡಿ. ಒಂದು ಲೆವೆಲ್-2 ಕಡತ (ಇನ್ನೂ ಸರಾಸರಿ ಮಾಡದ, ಪಿಕ್ಸೆಲ್ ಪಿಕ್ಸೆಲ್‌ನ ಅಂಕೆಗಳು) ತೆಗೆದು, ಯಾವ ಪಿಕ್ಸೆಲ್‌ಗೆ ಮೋಡದ ಫ್ಲ್ಯಾಗ್ (ಎಚ್ಚರಿಕೆಯ ಗುರುತು) ಬಿದ್ದಿದೆ, ಯಾವುದಕ್ಕೆ ನೀರಿನ ಮೇಲೆ ಪ್ರತಿಫಲಿಸುವ ಬಿಸಿಲಿನ ಹೊಳಪಿನದು ಎಂದು ನೋಡಿ. ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಶೇ 90 ವಾತಾವರಣದ್ದೇ. ಒಟ್ಟು ಬೆಳಕಿನಲ್ಲಿ ಶೇ 1ರಷ್ಟು ಲೆಕ್ಕ ತಪ್ಪಿದರೂ ನೀರಿನ ಪಾಲಿನಲ್ಲಿ ಸುಮಾರು ಶೇ 10ರಷ್ಟು ತಪ್ಪುತ್ತದೆ. ಈ ವಿಷಯ ಅರ್ಥವಾಗದೆ ಮುಂದೆ ಹೋದವರ ಪ್ರಬಂಧ ನಿಲ್ಲುವುದಿಲ್ಲ.

ಉಪಗ್ರಹದ ಅಂಕೆ ಸರಿಯೇ ಎಂದು ನೋಡಲು ನೀರಿನಲ್ಲೇ ಅಳೆದ ಕ್ಲೋರೋಫಿಲ್ ಬೇಕು. ಅದಕ್ಕೆ ನೀರಿನ ಮಾದರಿ ತೆಗೆಯುವುದನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲೇ ಕಲಿಯಿರಿ. ಭಾರತದ ಸಾಗರ ಉಪಗ್ರಹ ಓಷನ್‌ಸ್ಯಾಟ್‌ನ 360 ಮೀಟರ್ ಪಿಕ್ಸೆಲ್ ಕೆರೆಗೆ ಒರಟು, ದಡದ ಬೆಳಕು ಸೇರಿಕೊಳ್ಳುತ್ತದೆ, ಸಣ್ಣ ಪಿಕ್ಸೆಲ್‌ನ ಯುರೋಪಿನ ಸೆಂಟಿನೆಲ್-2 ಉಪಗ್ರಹ ಬಳಸಿ. ಅದು ಬೆಳಿಗ್ಗೆ ಹತ್ತೂವರೆ–ಹನ್ನೊಂದರ ಸುಮಾರಿಗೆ ಹಾದುಹೋಗುತ್ತದೆ. ಮೋಡವಿಲ್ಲದ ದಿನ, ಅದರ ಹಿಂದೆ ಮುಂದೆ 3 ಗಂಟೆಯೊಳಗೆ, ದಡದಿಂದ ದೂರ ಹೋಗಿ ನೀರು ತುಂಬಿಕೊಂಡು ಜಿಪಿಎಸ್ ಬರೆದಿಡಿ. ಗಾಜುನಾರಿನ ಶೋಧಕದಲ್ಲಿ (0.7 ಮೈಕ್ರಾನ್) 100–250 ಮಿ.ಲೀ. ಸೋಸಿ, ಶೋಧಕ ಹಸಿರಾದರೆ ಸಾಕು. ಪಂಪಿನ ಎಳೆತ ಹೆಚ್ಚಾದರೆ ಕೋಶಗಳು ಒಡೆದು ಹಸಿರು ಕೆಳಗಿಳಿದು ಹೋಗುತ್ತದೆ. ಬೆಳಕು ತಾಗಿದರೂ ಕ್ಲೋರೋಫಿಲ್ ಕೆಡುತ್ತದೆ. ಶೇ 90 ಅಸಿಟೋನ್‌ನಲ್ಲಿ, ಕತ್ತಲಲ್ಲಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ ನೆನೆಸಿ, ಸೆಂಟ್ರಿಫ್ಯೂಜ್ ಮಾಡಿ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 630, 647, 664 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಎಷ್ಟು ಬೆಳಕು ಹೀರಿದೆ ಎಂದು ಓದಿ. 750ರಲ್ಲೂ ಓದಿ ಕಳೆಯಿರಿ. ಅಲ್ಲಿ ಅಂಕೆ ದೊಡ್ಡದಿದ್ದರೆ ದ್ರಾವಣ ಇನ್ನೂ ಮಸುಕಾಗಿದೆ, ಮತ್ತೊಮ್ಮೆ ತಿರುಗಿಸಿ. ಚಿತ್ರದಲ್ಲಿ ಒಂದೇ ಪಿಕ್ಸೆಲ್ ನಂಬದೆ 3×3 ಚೌಕದ ಮಧ್ಯಾಂಕ (ಮೀಡಿಯನ್) ತೆಗೆದು ನಿಮ್ಮ ಅಳತೆಯೊಂದಿಗೆ ಹೋಲಿಸಿ.

ಇಷ್ಟಾದ ಮೇಲೆ ಹೈದರಾಬಾದಿನ ಇನ್‌ಕಾಯ್ಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಸಂಸ್ಥೆಯ ತರಬೇತಿ ಕೇಂದ್ರದ ಅಲ್ಪಾವಧಿ ಕೋರ್ಸುಗಳಿಗೆ ಅರ್ಜಿ ಹಾಕಿ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಒಳ್ಳೆಯದು.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಮಾಡಿದ ನಕ್ಷೆಯಲ್ಲಿ ಮಂಗಳೂರಿನ ದಡದುದ್ದಕ್ಕೂ ಕ್ಲೋರೋಫಿಲ್ ವಿಪರೀತ ಹೆಚ್ಚು, ಜುಲೈ ಪೂರ್ತಿ ಖಾಲಿ. ತಪ್ಪು ಎಲ್ಲಿ?
– ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಜುಲೈ ಖಾಲಿಯಾಗಿರುವುದು ಮುಂಗಾರಿನ ಮೋಡದಿಂದ, ನಿಮ್ಮ ಹುಡುಗರ ತಪ್ಪಲ್ಲ. ಅಕ್ಕಪಕ್ಕದ ಅಂಕೆಗಳಿಂದ ಅದನ್ನು ತುಂಬಿಸಲು ಮಾತ್ರ ಬಿಡಬೇಡಿ. ದಡದ ಅಂಕೆಗೆ ಕಾರಣ ಬೇರೆ. ಸಾಮಾನ್ಯ ಸೂತ್ರ ನೀಲಿ–ಹಸಿರು ಬೆಳಕಿನ ಅನುಪಾತ ನೋಡುತ್ತದೆ. ನೇತ್ರಾವತಿ ತರುವ ಹೂಳು ಹಸಿರು ಬೆಳಕನ್ನು ಹೆಚ್ಚಿಸುತ್ತದೆ, ನೀರಲ್ಲಿ ಕರಗಿದ ಸಾವಯವ ವಸ್ತು ನೀಲಿಯನ್ನು ಹೀರುತ್ತದೆ; ಸೂತ್ರ ಎರಡನ್ನೂ ಕ್ಲೋರೋಫಿಲ್ ಎಂದೇ ಎಣಿಸುತ್ತದೆ. ಆಳ ಸಮುದ್ರ ಮತ್ತು ದಡದ ನೀರನ್ನು ಬೇರೆ ಬೇರೆ ಮಾಡಿ ಲೆಕ್ಕ ಹಾಕಿಸಿ. ಸರಾಸರಿಯನ್ನೂ ನೇರವಾಗಿ ತೆಗೆಯದೆ ಲಾಗರಿದಮ್ ಮೇಲೆ ತೆಗೆಯಲಿ, ಇಲ್ಲವಾದರೆ ನಾಲ್ಕಾರು ದೊಡ್ಡ ಅಂಕೆಗಳೇ ಇಡೀ ತಿಂಗಳನ್ನು ಎಳೆದುಬಿಡುತ್ತವೆ.